'ಬಾಗಿಲಾಚೆಯ ಇನಿಯ'ನ ಮೇಲೆ ಒಂದು ದೂರು

ಕಾಕ್ಸ್ ಟೌನ್
25 ಮಾರ್ಚ್ 1996

ಧಾರಾವಾಹಿ ಲೇಖಕಿ 'ಹಂಸಿನಿ' ಅವರಿಗೆ,

ಮಾನ್ಯರೇ,

ವಾರಪತ್ರಿಕೆಯಲ್ಲಿ ಬರುತ್ತಿರುವ ನಿಮ್ಮ 'ಬಾಗಿಲಾಚೆಯ ಇನಿಯ' ಕಾದಂಬರಿಯನ್ನು ಮೊದಲ ವಾರದಿಂದ ಬಿಡದೆ ಓದುತ್ತಿದ್ದೇನೆ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಹಲ್ಲು ನೋಯುವಾಗ ನಾಲಿಗೆ ಪದೇ ಪದೇ ಅಲ್ಲಿಗೇ ಹೋಗುತ್ತದಲ್ಲ, ಆ ರೀತಿಯ ಓದು ನನ್ನದು.

ನಿಮ್ಮ ನಾಯಕ ಪ್ರಣವ ಬದುಕಿದ್ದದ್ದು ಒಂದೂವರೆ ಪುಟ. ಸತ್ತ ಮೇಲೆ ಹನ್ನೆರಡು ವಾರದಿಂದ ಮಾತಾಡುತ್ತಲೇ ಇದ್ದಾನೆ. ಅಮಾವಾಸ್ಯೆ ಬಂತೆಂದರೆ ಬಿಳಿ ರೇಷ್ಮೆ ಜುಬ್ಬಾ ಹಾಕಿಕೊಂಡು ಸಂಪಿಗೆಯ ಪರಿಮಳದ ಜೊತೆ ಹಾಜರಾಗುತ್ತಾನೆ. ಹೆಂಡತಿ ಚಂದ್ರಿಕಾಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾನೆ. 'ನಿನಗಾಗಿ ಸಾವನ್ನೇ ದಾಟಿ ಬಂದೆ' ಎನ್ನುತ್ತಾನೆ. ಅಲ್ಲ ತಾಯೀ, ಅಷ್ಟೆಲ್ಲ ದಾಟಿ ಬಂದವನು ಸೀಮೆಎಣ್ಣೆ ಸಿಕ್ಕಿತಾ, ಕೊಳಾಯಿಯಲ್ಲಿ ನೀರು ಬಂತಾ ಎಂದು ಒಂದು ದಿನವಾದರೂ ಕೇಳಬೇಡವೇ? ಅವನಿಗೆ ಗೊರಕೆ ಇಲ್ಲ, ಸಿಟ್ಟಿಲ್ಲ, ಸಾರಿಗೆ ಉಪ್ಪು ಕಮ್ಮಿಯಾದರೂ ಮುಖ ಸಿಂಡರಿಸುವುದಿಲ್ಲ. ಇಂಥ ಗಂಡ ಸಿಗಬೇಕಾದರೆ ಮೊದಲು ಅವನು ಸಾಯಬೇಕು ಎಂಬುದು ನಿಮ್ಮ ಅಭಿಪ್ರಾಯವಾದರೆ ನೇರವಾಗಿ ಬರೆದುಬಿಡಿ. ನಮ್ಮಂಥ ಹೆಂಗಸರಿಗೆ ಅನುಕೂಲವಾಗುತ್ತದೆ.

ಚಂದ್ರಿಕಾಳ ವಿಷಯಕ್ಕೆ ಬಂದರೆ ನನಗೆ ಮೈ ಉರಿಯುತ್ತದೆ. ಇಪ್ಪತ್ತಾರು ವರ್ಷದ ಹೆಂಗಸು. ಕೆಲಸವಿಲ್ಲ, ಬಸ್ಸು ಹಿಡಿಯುವುದಿಲ್ಲ, ಕೂದಲು ಹರಡಿಕೊಂಡು ಕಿಟಕಿಯ ಹತ್ತಿರ ನಿಂತಿರುತ್ತಾಳೆ. ಅವಳನ್ನು ಮದುವೆಯಾಗಲು ಬಂದ ಡಾಕ್ಟರು ಒಳ್ಳೆಯವನು, ಮರ್ಯಾದಸ್ಥ. 'ನನ್ನ ಗಂಡ ಸತ್ತಿಲ್ಲ, ನಾನು ಮುತ್ತೈದೆ' ಎಂದು ಅವನ ಮುಖಕ್ಕೆ ಬಾಗಿಲು ಹಾಕುತ್ತಾಳೆ. ಮರುವಾರ ಓದುಗರ ಓಲೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದಾರೆ. ತಟ್ಟಿದವರಲ್ಲಿ ಗಂಡ ಸತ್ತವರು ಎಷ್ಟು ಮಂದಿಯೋ ಗೊತ್ತಿಲ್ಲ.

ಇನ್ನೊಂದು ಪ್ರಶ್ನೆ. ಎಂಟನೆಯ ವಾರದಲ್ಲಿ ಹಿರಿಯರ ಹಬ್ಬದ ಎಡೆ ಇಟ್ಟು ಬಾಗಿಲು ಮುಚ್ಚುತ್ತಾರೆ, ತೆಗೆದಾಗ ಎಲೆ ಖಾಲಿಯಾಗಿರುತ್ತದೆ ಎಂದು ಬರೆದಿದ್ದೀರಿ. ಈ ಸಂಗತಿ ನಿಮಗೆ ಎಲ್ಲಿಂದ ಸಿಕ್ಕಿತು? ದಯವಿಟ್ಟು ತಿಳಿಸಿ.

ಇತಿ,
ಒಬ್ಬ ಓದುಗಿ
ಕೇರಾಫ್ ಖಾದರ್ ಸಾಹೇಬರ ಲೈಬ್ರರಿ, ಕಾಕ್ಸ್ ಟೌನ್

*

ಇಂದಿರಾನಗರ
8 ಏಪ್ರಿಲ್ 1996

ಪ್ರಿಯ ಓದುಗ ಸೋದರಿ,

ಪತ್ರಿಕೆಯವರು ಕಳಿಸಿಕೊಟ್ಟ ನಿಮ್ಮ ಪತ್ರ ತಲುಪಿತು. ನನ್ನ ಕೃತಿಯನ್ನು ಇಷ್ಟು ತನ್ಮಯತೆಯಿಂದ ಓದುತ್ತಿರುವುದಕ್ಕೆ ಕೃತಜ್ಞಳು. ವಾರಕ್ಕೆ ನಲವತ್ತು ಪತ್ರ ಬರುವುದರಿಂದ ಎಲ್ಲರಿಗೂ ವಿವರವಾಗಿ ಉತ್ತರಿಸಲು ಆಗುತ್ತಿಲ್ಲ.

ಪ್ರೇಮಕ್ಕೆ ಸಾವಿಲ್ಲ ಎಂಬುದು ಈ ಕಾದಂಬರಿಯ ಆಶಯ. ಪ್ರಣವ ಸೀಮೆಎಣ್ಣೆಯ ಬಗ್ಗೆ ಕೇಳಿದ್ದರೆ ಆ ಆಶಯಕ್ಕೆ ಧಕ್ಕೆ ಬರುತ್ತಿತ್ತು. ನೀವು ಪ್ರಸ್ತಾಪಿಸಿದ ಎಡೆಯ ಪ್ರಸಂಗ ಸಂಪೂರ್ಣ ನನ್ನ ಕಲ್ಪನೆ.

ಮುಂದಿನ ವಾರಗಳು ನಿಮ್ಮ ಮನಸ್ಸನ್ನು ಗೆಲ್ಲಬಹುದೆಂದು ನಂಬಿರುವ,
'ಹಂಸಿನಿ'

*

ಕಾಕ್ಸ್ ಟೌನ್
20 ಏಪ್ರಿಲ್ 1996

ಹಂಸ,

ಕಲ್ಪನೆಯಂತೆ! ಸಂಪೂರ್ಣವಂತೆ!

ಹಲಸೂರಿನ ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ನೋಟ್ಸು ನೋಡಿಕೊಂಡು ಕಾಪಿ ಬರೆದವಳು ನೀನು. ನನ್ನ ಕೈಬರಹ ನೋಡಿದರೂ ನಿನಗೆ ಗೊತ್ತಾಗಲಿಲ್ಲವಾ? ಬೇಕೆಂದೇ ಹೆಸರು ಹಾಕದೆ ಬರೆದೆ. ಎರಡನೆಯ ಸಾಲಿನಲ್ಲಿಯೇ ಗುರುತು ಹಿಡಿದು 'ಸುಕನ್ಯ, ನೀನಾ?' ಎಂದು ಓಡಿಬರುತ್ತೀಯ ಅಂದುಕೊಂಡಿದ್ದೆ. ಬಂದದ್ದು 'ಪ್ರಿಯ ಓದುಗ ಸೋದರಿ'.

ನೆನಪಿಲ್ಲದಿದ್ದರೆ ನೆನಪು ಮಾಡುತ್ತೇನೆ. ಮುನೀಂದ್ರನನ್ನು ಕಾಮಾಲೆ ಹದಿನೈದೇ ದಿನದಲ್ಲಿ ಮುಗಿಸಿದ್ದು ತೊಂಬತ್ತೆರಡರ ಮೇ ತಿಂಗಳಲ್ಲಿ. ಬಾಣಸವಾಡಿಯ ನಿಮ್ಮ ತಾಯಿಯ ಮನೆಯಿಂದ ಹೊರಮಾವಿನ ನಮ್ಮ ಮನೆಗೆ ಎಷ್ಟು ದೂರ? ಮಣ್ಣಿಗೂ ನೀನು ಬರಲಿಲ್ಲ, ತಿಥಿಗೂ ಬರಲಿಲ್ಲ. ವರ್ಷ ಕಳೆದು, ಅವನ ಹೆಸರಿನಲ್ಲಿ ಮೊದಲ ಸಲ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟೆವು. ನಿನಗೂ ಗೊತ್ತಿರುವ ಪದ್ಧತಿಯೇ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು, ಅವರು ಬಂದು ಉಂಡು ಹೋಗುವವರೆಗೆ. ಬಾಗಿಲು ತೆಗೆದರೆ ಎಲೆ ಖಾಲಿ. ನಾಲ್ಕು ದಿನ ಬಿಟ್ಟು ನಾನೇ ಎರಡು ಬಸ್ಸು ಬದಲಾಯಿಸಿ ಇಂದಿರಾನಗರಕ್ಕೆ ಬಂದು ಅದನ್ನು ನಿನಗೆ ಹೇಳಿದೆ. ನಿನಗೆ ಮಾತ್ರ ಹೇಳಿದೆ. ನೀನು ಅತ್ತೆ. ಕಾಫಿ ಕೊಟ್ಟೆ. ಆಮೇಲೆ ಎರಡೂವರೆ ವರ್ಷ ನಿನ್ನ ಸುದ್ದಿಯೇ ಇಲ್ಲ.

ಈಗ ನನ್ನ ಕಷ್ಟ ಕೇಳು. ಕಾಕ್ಸ್ ಟೌನಿನ ನರ್ಸರಿ ಶಾಲೆಯಲ್ಲಿ ಟೀಚರಾಗಿದ್ದೇನೆ. ಗುರುವಾರ ಸಂಜೆ ಶಾಲೆ ಬಿಟ್ಟ ಮೇಲೆ ಖಾದರ್ ಸಾಹೇಬರ ಲೈಬ್ರರಿಯಿಂದ ಪತ್ರಿಕೆ ತಂದು ನಮ್ಮ ಅತ್ತೆ ಬೈರಮ್ಮನವರಿಗೆ ಓದಿ ಹೇಳುತ್ತೇನೆ. ಅವರಿಗೆ ಅಕ್ಷರ ಬರುವುದಿಲ್ಲ. ಎಂಟನೆಯ ವಾರದ ಕಂತು ಓದುತ್ತಿದ್ದೆ. ಎಲೆ, ಬಾಗಿಲು, ಸಾರು ಬಳಿದ ಬೆರಳ ಗುರುತು, ಎಲ್ಲ ನಮ್ಮ ಮನೆಯದೇ. ಅತ್ತೆ ಎದ್ದು ಕುಳಿತರು. "ನೋಡ್ದಾ? ನಮ್ಮನೇಲಿ ಮಾತ್ರ ಅಲ್ಲ, ಎಲ್ಲಾ ಕಡೆ ಹಿಂಗೇ ಆಗ್ತೈತೆ. ಪುಸ್ತಕದಲ್ಲೇ ಬಂದೈತಲ್ಲ!" ಎಂದರು. ನಮ್ಮ ಮನೆಯ ಸಂಗತಿ ನಿನ್ನ ಮೂಲಕ ಅಚ್ಚಾಗಿ ನಮ್ಮ ಮನೆಗೇ ಸಾಕ್ಷಿ ಹೇಳಲು ಬಂತು. ಅಂದಿನಿಂದ ವರ್ಷಕ್ಕೊಮ್ಮೆ ಇಡುವ ಎಡೆಯನ್ನು ಪ್ರತಿ ಅಮಾವಾಸ್ಯೆ ಇಡುತ್ತಿದ್ದಾರೆ. ನಾನು ಸ್ನಾನ ಮಾಡಿ, ಹೂ ಮುಡಿದು, ನಿನ್ನ ಚಂದ್ರಿಕಾಳ ಹಾಗೆ ಬಾಗಿಲ ಹೊರಗೆ ಕೂರಬೇಕು. ಎಲೆ ಹಾಗೇ ಇರುತ್ತದೆ. "ಮುಂದಿನ್ ಸಲ ಬರ್ತಾನೆ" ಎನ್ನುತ್ತಾರೆ.

ಇದಷ್ಟೇ ಆಗಿದ್ದರೆ ಕೂರುತ್ತಿದ್ದೆ. ನಮ್ಮ ಶಾಲೆಯ ಎದುರಿನ ಬೇಕರಿಯಲ್ಲಿ ಒಲೆಯ ಕೆಲಸ ನೋಡುವ ಪ್ರೇಮ್‌ಕುಮಾರ್ ಎಂಬುವರು ನನ್ನನ್ನು ಮದುವೆಯಾಗುತ್ತೇನೆ ಎಂದು ಮನೆಗೆ ಬಂದು ಕೇಳಿದ್ದಾರೆ. ನಮ್ಮವರೇ, ಕಲ್ಕೆರೆಯವರು. ನನಗೂ ಇಷ್ಟವಿದೆ. ಮಾವ ಮುನಿಆಂಜನಪ್ಪನವರು "ನಂದೇನೂ ಇಲ್ಲಮ್ಮ, ಅವಳ್ನ ಒಪ್ಸು" ಎಂದರು. ಸಂಕ್ರಾಂತಿಯ ಹೊತ್ತಿಗೆ ಅತ್ತೆಯೂ ಅರ್ಧ ಒಪ್ಪಿದ್ದರು. ಎಂಟನೆಯ ವಾರವಾದ ಮೇಲೆ ಪ್ರೇಮ್‌ಕುಮಾರ್ ಬಂದಾಗ "ಗಂಡ ಇರೋಳ್ಗೆ ಇನ್ನೊಂದು ಮದ್ವೆ ಏನಪ್ಪಾ?" ಎಂದು ಕೇಳಿ ಕಳಿಸಿಬಿಟ್ಟರು. ಅದು ಚಂದ್ರಿಕಾಳ ಮಾತು, ಹಂಸ. ನೀನು ಬರೆದ ಮಾತು.

ಶ್ರಾವಣದೊಳಗೆ ಉತ್ತರ ಹೇಳಬೇಕೆಂದು ಪ್ರೇಮ್‌ಕುಮಾರ್ ಕೇಳಿದ್ದಾರೆ. ಅವರ ತಾಯಿಗೂ ವಯಸ್ಸಾಗಿದೆ, ಬೇರೆ ಕಡೆಯೂ ನೋಡುತ್ತಿದ್ದಾರೆ.

ಉತ್ತರ ಬೇಕು, ಕೃತಜ್ಞತೆ ಬೇಡ.
ಸುಕನ್ಯ

*

ಇಂದಿರಾನಗರ
2 ಮೇ 1996

ಸುಕನ್ಯ,

ನಿನ್ನ ಕಾಗದ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಹದಿನೆಂಟನೆಯ ವಾರದ ಕಂತು ತಡವಾಗಿ ಸಂಪಾದಕರಿಂದ ಬೈಸಿಕೊಂಡೆ.

ಕೈಬರಹ ಗುರುತು ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಕ್ಕಿತು. ಅದಕ್ಕೇ ಹಾಗೆ ಬರೆದೆ. ನೀನು ಹೆಸರು ಹಾಕದಿದ್ದದ್ದು ನನಗೆ ಅನುಕೂಲವೇ ಆಯಿತು. ಬೈಯುವುದಾದರೆ ಬೈದುಬಿಡು.

ಆದರೆ ಒಂದು ಮಾತು ನನ್ನ ಕಡೆಯಿಂದಲೂ ಕೇಳು. ಬರೆಯುವವರು ಕೇಳಿದ್ದರಿಂದ, ಕಂಡದ್ದರಿಂದಲೇ ಬರೆಯುತ್ತಾರೆ. ನಿನ್ನ ಹೆಸರು ಹಾಕಿಲ್ಲ, ಊರು ಹಾಕಿಲ್ಲ. ಎಲೆ ಖಾಲಿಯಾಗಿತ್ತು ಎಂದು ನೀನೇ ನನ್ನ ಮನೆಯ ಸೋಫಾದ ಮೇಲೆ ಕುಳಿತು ಹೇಳಿದೆ. ನೀನು ಹೋದ ಮೇಲೆ ತಿಂಗಳುಗಟ್ಟಲೆ ಆ ಎಲೆ ನನ್ನ ಕಣ್ಣ ಮುಂದೆಯೇ ಇತ್ತು. ಸತ್ತ ಗಂಡ ಹೆಂಡತಿಯ ಕೈಯಡುಗೆಗಾಗಿ ಬಂದ ಎಂಬುದಕ್ಕಿಂತ ದೊಡ್ಡ ಪ್ರೇಮ ನನಗೆ ಗೊತ್ತಿರಲಿಲ್ಲ. ನನ್ನ ಗಂಡ ಬ್ಯಾಂಕಿನಿಂದ ಬಂದು ಪೇಪರು ಹಿಡಿದರೆ ಊಟದವರೆಗೂ ತಲೆ ಎತ್ತುವುದಿಲ್ಲ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ನಗಬೇಡ.

ನಾನು ಬರಲಿಲ್ಲ ನಿಜ. ನಿನ್ನ ಮುಂದೆ ಹೇಗೆ ಕೂರಬೇಕು, ಏನು ಮಾತಾಡಬೇಕು ತಿಳಿಯಲಿಲ್ಲ. ಒಂದು ವಾರ ತಡವಾಯಿತು, ಆಮೇಲೆ ತಡವಾದದ್ದಕ್ಕೆ ನಾಚಿಕೆಯಾಗಿ ಇನ್ನೂ ತಡವಾಯಿತು.

ಈಗ ನಾನೇನು ಮಾಡಲಿ? ಇದು ಕಥೆ, ಯಾರೋ ಕಟ್ಟಿ ಬರೆದದ್ದು ಎಂದು ಅತ್ತೆಗೆ ಹೇಳಿಬಿಡು. ಬರೆದವಳು ನನ್ನ ಗೆಳತಿ ಎಂದೂ ಹೇಳು. ಅಷ್ಟಕ್ಕೆ ಮುಗಿಯುತ್ತದಲ್ಲವೇ?

ನಿನ್ನ,
ಹಂಸ

*

ಕಾಕ್ಸ್ ಟೌನ್
22 ಮೇ 1996

ಹಂಸ,

ಅಷ್ಟಕ್ಕೆ ಮುಗಿಯುತ್ತದೆ ಎಂದು ನಿನಗೆ ಯಾರು ಹೇಳಿದರು? ಹೇಳಿ ನೋಡಿದೆ. ಬರೆದವಳು ಹಂಸ, ನಮ್ಮ ಮದುವೆಗೆ ಬಂದಿದ್ದಳಲ್ಲ ಬಾಣಸವಾಡಿಯವಳು, ಅವಳಿಗೆ ಆ ಎಡೆಯ ಸಂಗತಿ ಹೇಳಿದ್ದೇ ನಾನು ಎಂದೆ. ಅತ್ತೆ ಶಾಂತವಾಗಿ ಕೇಳಿದರು. "ಹೂಂ, ಸುಳ್ಳಾಗಿದ್ರೆ ಯಾಕ್ ಬರೀತಿದ್ಳು? ನಂಬಿದ್ದಕ್ಕೇ ಬರ್ದವ್ಳೆ. ಓದಿದೋಳು ಬೇರೆ" ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಮೊನ್ನೆಯ ಅಮಾವಾಸ್ಯೆಗೆ ಮೂರನೆಯ ಎಡೆಯೂ ಆಯಿತು.

ನಿನ್ನ ಹೊಟ್ಟೆಕಿಚ್ಚಿಗೂ ಒಂದು ಮದ್ದು ಕೊಡುತ್ತೇನೆ. ಆ ಎಡೆ ತಿಂದದ್ದು ನಾನು.

ಅವತ್ತು ಬೆಳಗಿನ ಜಾವ ಎದ್ದು ಅಡುಗೆಗೆ ನಿಂತಿದ್ದೆ. ಮನೆ ತುಂಬ ನೆಂಟರು. ಎಡೆಯಾಗುವವರೆಗೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಗಂಡಸರು ಮಾತ್ರ ಮೆಲ್ಲಗೆ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಇಡ್ಲಿ ತಿಂದು ಬಂದಿದ್ದರು. ಮಾಡಿದ್ದೆಲ್ಲ ನಾನು, ಆದರೆ ಗಂಡ ಸತ್ತವಳು ಎಡೆ ಬಡಿಸಬಾರದು ಎಂದು ಬಡಿಸಿದ್ದು ಓರಗಿತ್ತಿ ಅಂಜಿನಮ್ಮ. ಮುದ್ದೆ, ನಾಟಿಕೋಳಿ ಸಾರು, ತಲೆಮಾಂಸ, ವಡೆ, ಪಾಯಸ. ಎಲ್ಲರೂ ಅಂಗಳಕ್ಕೆ ಹೋಗಿ ಮುಂದಿನ ಬಾಗಿಲು ಮುಚ್ಚಿದರು. ನಾನು ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಹಿತ್ತಿಲ ಬಾಗಿಲು ಯಾರಿಗೂ ನೆನಪಿರಲಿಲ್ಲ.

ನೀರು ಕುಡಿಯೋಣ ಎಂದು ಒಳಗೆ ಹೋದೆ. ಮುನೀಂದ್ರನ ಫೋಟೋ ಮುಂದೆ ಎಲೆ ಹಬೆಯಾಡುತ್ತಿತ್ತು. ಅವನಿಗೆ ಏನೇನು ಇಷ್ಟ ಎಂದು ಒಂದು ವಾರದಿಂದ ಮನೆಯಲ್ಲಿ ಎಲ್ಲರೂ ಮಾತಾಡಿಕೊಂಡಿದ್ದರು. ನನಗೆ ಏನಿಷ್ಟ ಎಂದು ಒಂದೂವರೆ ವರ್ಷದಿಂದ ಯಾರೂ ಕೇಳಿರಲಿಲ್ಲ. ನನ್ನದು ಯಾವಾಗಲೂ ಕೊನೆಯ ಪಂಕ್ತಿ, ಸಾರಿನಲ್ಲಿ ಆಲೂಗಡ್ಡೆ ಉಳಿದರೆ ನನ್ನ ಪುಣ್ಯ. ಅವನ ಮೇಲೆ ಸಿಟ್ಟು ಬಂತು. ಇಪ್ಪತ್ತಾರಕ್ಕೆ ನನ್ನನ್ನು ಇವರ ಕೈಯಲ್ಲಿ ಬಿಟ್ಟು ಹೋಗಿ ಫೋಟೋದಲ್ಲಿ ನಗುತ್ತಿದ್ದ. ಕುಳಿತುಕೊಂಡು ತಿಂದೆ. ಅಳುತ್ತಾ ತಿಂದೆ ಎಂದು ನೀನು ಬರೆಯುತ್ತಿದ್ದೆಯೋ ಏನೋ, ನಾನು ಅಳಲಿಲ್ಲ. ಗಬಗಬನೆ ತಿಂದು, ಬಾಯಿ ಒರೆಸಿಕೊಂಡು ಮತ್ತೆ ಪಾತ್ರೆಯ ಹತ್ತಿರ ಹೋದೆ.

ಬಾಗಿಲು ತೆಗೆದ ಅತ್ತೆ "ನನ್ ಮಗ ಬಂದಿದ್ದ!" ಎಂದು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು. ಓಡಿಬಂದು ನನ್ನನ್ನು ತಬ್ಬಿಕೊಂಡರು. ಮದುವೆಯಾದ ಮೇಲೆ ಅವರು ನನ್ನನ್ನು ತಬ್ಬಿಕೊಂಡದ್ದು ಅದೇ ಮೊದಲು. ನನ್ನ ಬಾಯಲ್ಲಿ ಇನ್ನೂ ಮಸಾಲೆಯ ಖಾರ ಇತ್ತು. ಆಗ ಹೇಗೆ ಹೇಳಲಿ?

ನಿನ್ನ ಮನೆಗೆ ಬಂದದ್ದು ಅದನ್ನು ಹೇಳಲಿಕ್ಕೇ. 'ಬಾಗಿಲು ತೆಗೆದರೆ ಎಲೆ ಖಾಲಿ' ಎಂದೆ. ನೀನು "ಅಯ್ಯೋ ದೇವರೇ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕೈ ಹಿಡಿದೆ. ಮುಂದಿನ ಮಾತು ನನ್ನ ಬಾಯಲ್ಲೇ ಉಳಿಯಿತು. ನಾನು ಅರ್ಧಕ್ಕೆ ನಿಲ್ಲಿಸಿದ ಮಾತಿನ ಮೇಲೆ ನೀನು ಇಪ್ಪತ್ತು ವಾರದ ಕಾದಂಬರಿ ಕಟ್ಟಿದ್ದೀಯ.

ನಿನ್ನಿಂದ ಆಗಬೇಕಾದದ್ದು ಒಂದೇ. ಅತ್ತೆ ನನ್ನ ಮಾತು ನಂಬುವುದಿಲ್ಲ, ಮಾವನ ಮಾತು ನಂಬುವುದಿಲ್ಲ, ಅಚ್ಚಾದದ್ದನ್ನು ನಂಬುತ್ತಾರೆ. ನಿನ್ನ ಪ್ರಣವನನ್ನು ಕಳಿಸಿಬಿಡು. ಅವನ ಬಾಯಿಂದಲೇ ಚಂದ್ರಿಕಾಳಿಗೆ 'ಆ ಡಾಕ್ಟರನ್ನು ಮದುವೆಯಾಗು, ನಾನಿನ್ನು ಬರುವುದಿಲ್ಲ' ಎಂದು ಹೇಳಿಸು. ಈ ವರ್ಷ ಅಧಿಕಮಾಸ ಬಂದು ಆಷಾಢವೇ ಎರಡು, ನನ್ನ ಕರ್ಮ. ಆದರೂ ಶ್ರಾವಣ ಬಂದೇ ಬರುತ್ತದೆ.

ಸುಕನ್ಯ

*

ಇಂದಿರಾನಗರ
17 ಜೂನ್ 1996

ಸುಕನ್ಯ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಮೊದಲ ದಿನ ನನ್ನ ಮೇಲೆ ನನಗೇ ಅಸಹ್ಯವಾಯಿತು. ಎರಡನೆಯ ದಿನ, ನಿಜ ಹೇಳುತ್ತೇನೆ, ನಿನ್ನ ಮೇಲೆ ಸಿಟ್ಟು ಬಂತು. ಆ ಎಲೆಯನ್ನು ನಾನು ಅಷ್ಟು ನಂಬಿದ್ದೆ.

ಅವತ್ತು ನಿನಗೆ ಬರೀ ಕಾಫಿ ಕೊಟ್ಟು ಕಳಿಸಿದೆ. ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಊಟ ಆಯಿತಾ ಎಂದು ಕೇಳಲಿಲ್ಲ.

ಸಂಪಾದಕರ ಜೊತೆ ಜಗಳವಾಡಿದೆ. ದೀಪಾವಳಿಯವರೆಗೆ ಎಳೆಯಬೇಕೆಂದು ಅವರ ಆಸೆ. 'ದೆವ್ವ ಹೋದರೆ ಓದುಗರೂ ಹೋಗ್ತಾರೆ ಮೇಡಂ' ಎಂದರು. ಹೋಗಲಿ ಎಂದೆ. ಇಪ್ಪತ್ತೇಳನೆಯ ವಾರಕ್ಕೆ ಮುಗಿಸಿದ್ದೇನೆ. ಪ್ರಣವ ಕೊನೆಯ ಸಲ ಬಂದು ನೀನು ಕೇಳಿದ ಮಾತನ್ನೇ ಹೇಳುತ್ತಾನೆ. ಜುಲೈ ನಾಲ್ಕರ ಸಂಚಿಕೆ. ಅತ್ತೆಗೆ ಸಾವಧಾನವಾಗಿ ಓದು.

ಹಂಸ

*

ಕಾಕ್ಸ್ ಟೌನ್
20 ಜುಲೈ 1996

ಹಂಸ,

ಓದಿದೆ. ಓದಿ ಮಣ್ಣು ತಿಂದಂತಾಯಿತು.

ಇಪ್ಪತ್ತಾರು ವಾರ ಪಿಸುಮಾತಿನಲ್ಲಿ ಮಾತಾಡಿದ ನಿನ್ನ ಪ್ರಣವ ಇಪ್ಪತ್ತೇಳನೆಯ ವಾರ ಇದ್ದಕ್ಕಿದ್ದಂತೆ ಮಹಿಳಾ ದಿನಾಚರಣೆಯ ಮುಖ್ಯ ಅತಿಥಿಯಾಗಿಬಿಟ್ಟಿದ್ದಾನೆ. 'ಸ್ತ್ರೀಯ ಬದುಕು ನೆನಪಿನ ಸೆರೆಯಲ್ಲಿ ಬಾಡಬಾರದು ಚಂದ್ರಿಕಾ' ಅಂತೆ. ಯಾವ ದೆವ್ವ ಹಾಗೆ ಮಾತಾಡುತ್ತದೆ? ಎರಡು ಪುಟದ ಭಾಷಣ ಮಾಡಿ, ಡಾಕ್ಟರ ಕೈಗೆ ಹೆಂಡತಿಯನ್ನು ಒಪ್ಪಿಸಿ, ಬೆಳಕಾಗಿ ಕರಗಿಹೋದ.

ಅತ್ತೆ ಕೊನೆಯವರೆಗೂ ಕೇಳಿದರು. ಪತ್ರಿಕೆ ಇಸಿದುಕೊಂಡು ಚಿತ್ರ ನೋಡಿದರು. "ಇದು ಅವನ ಮಾತಲ್ಲ ಕಣಮ್ಮ. ಆರು ತಿಂಗ್ಳಿಂದ ನೀನ್ ಬಿಟ್ರೆ ಇಲ್ಲ ಅಂತಿದ್ದೋನು ಒಂದೇ ವಾರಕ್ಕೆ ಬೇರೆಯೋನ್ನ ಕಟ್ಕೋ ಅಂತಾನಾ? ಯಾರೋ ಹೇಳಿ ಬರ್ಸವ್ರೆ" ಎಂದು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಕಥೆಯ ವಿಷಯದಲ್ಲಿ ಅವರು ಹೇಳಿದ್ದು ಸರಿ, ಹಂಸ. ನಾನು ಬೇಡಿದ್ದನ್ನೇ ನೀನು ಬರೆದುಕೊಟ್ಟೆ, ಅದಕ್ಕೇ ಅದು ಕೆಟ್ಟಿತು. ನಿನ್ನನ್ನು ಬೈಯಲು ಕೂತವಳು ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ.

ಈ ತಿಂಗಳ ಅಮಾವಾಸ್ಯೆಗೂ ಎಡೆಯಾಯಿತು. ಮೊನ್ನೆ ಪ್ರೇಮ್‌ಕುಮಾರ್ ಬೇಕರಿಯ ಬಾಗಿಲಲ್ಲಿ ನಿಂತು "ಟೀಚರ್, ಬದುಕಿರೋನ ಜೊತೆ ಆದ್ರೆ ಜಗಳ ಆಡಬಹುದು. ಸತ್ತೋರ ಜೊತೆ ನಾನ್ ಹೆಂಗೆ ಆಡ್ಲಿ?" ಎಂದರು. ಅವರಿಗೆ ಬೇಸರ ಬಂದಿದೆ. ನನಗೂ ಸಾಕಾಗಿದೆ. ಕಥೆಯಿಂದ ಇನ್ನು ಏನೂ ಆಗುವುದಿಲ್ಲ. ಮುಂದಿನದು ಭೀಮನ ಅಮಾವಾಸ್ಯೆ, ಮುತ್ತೈದೆಯರು ಗಂಡನ ಪಾದಪೂಜೆ ಮಾಡುವ ದಿನ. ಆ ದಿನ ಎಡೆಯ ಮುಂದೆ ನಾನೂ ಪೂಜೆ ಮಾಡಬೇಕೆಂದು ಅತ್ತೆ ಹೇಳಿಟ್ಟಿದ್ದಾರೆ. ಅದಕ್ಕೆ ಮುಂಚೆ ತಿಂದದ್ದು ನಾನೇ ಎಂದು ಹೇಳಿಬಿಡುತ್ತೇನೆ.

ಸುಕನ್ಯ

*

ಇಂದಿರಾನಗರ
27 ಜುಲೈ 1996

ಸುಕನ್ಯ,

ದುಡುಕಬೇಡ. ಅವರಿಗೆ ಉಳಿದಿರುವುದು ಅದೊಂದೇ ನಂಬಿಕೆ. ಅದನ್ನೂ ಕಿತ್ತುಕೊಂಡರೆ ಆಮೇಲೆ ನಿನ್ನನ್ನು ಕ್ಷಮಿಸುತ್ತಾರಾ? ಊರವರ ಮುಂದೆ ಹೇಳಿಬಿಟ್ಟರೆ ನಿನ್ನ ಗತಿ ಏನು?

ನಾನು ಬರಲೇ? ನಿನ್ನ ಜೊತೆ ಕೂರುತ್ತೇನೆ. ಬಂದು ಏನು ಹೇಳಬೇಕೆಂದು ಮಾತ್ರ ನನಗೆ ಈಗಲೂ ಗೊತ್ತಿಲ್ಲ. ಬಾ ಎಂದು ಒಂದು ಸಾಲು ಬರೆ.

ಹಂಸ

*

ಹೊರಮಾವು
18 ಆಗಸ್ಟ್ 1996

ಹಂಸ,

ಬರಬೇಕೆನ್ನುವವರು 'ಬರಲೇ' ಎಂದು ಕಾಗದ ಬರೆದು ಕೇಳುವುದಿಲ್ಲ. ಆದ್ದರಿಂದ ಉತ್ತರ ಬರೆಯಲಿಲ್ಲ.

ಆಗಸ್ಟ್ ಐದರಂದು ಅತ್ತೆಗೆ ಹೇಳಿದೆ. ಅವರೆಕಾಳು ಹಸನು ಮಾಡುತ್ತಾ ಕುಳಿತಿದ್ದರು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಹೊಡೆಯುತ್ತಾರೆ, ಕೂಗಾಡುತ್ತಾರೆ ಎಂದು ಕಾದೆ. ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು. "ಅಂಗಾದ್ರೆ ನನ್ ಮಗ ಅವತ್ತು ಉಪಾಸ ಹೋದ್ನಾ?" ಎಂದು ಕೇಳಿದರು.

ಒಂಬತ್ತು ದಿನ ನಾನು ಮಾಡಿದ್ದನ್ನು ಉಣ್ಣಲಿಲ್ಲ, ಅಂಜಿನಮ್ಮನ ಕೈಯಲ್ಲಿ ಗಂಜಿ ಮಾಡಿಸಿಕೊಂಡರು. ಭೀಮನ ಅಮಾವಾಸ್ಯೆ ಬಂತು, ಎಡೆಯ ಮಾತೇ ಎತ್ತಲಿಲ್ಲ. ಆ ಸಂಜೆ ಒಂದಿಷ್ಟು ಮಾತಾಡಿದರು, ಏನೆಂದು ಅವರ ಕಾಗದದಲ್ಲಿಯೇ ಇದೆ. ಇವತ್ತು ನನ್ನನ್ನು ಕರೆದು "ಕಾಗದ ಪೆನ್ನು ತಗೊಂಬಾ, ಆ ಹುಡುಗೀಗೆ ನಾನೊಂದು ಬರೀಬೇಕು" ಎಂದರು. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು ಇದರ ಜೊತೆ ಇಟ್ಟಿದ್ದೇನೆ.

ಸುಕನ್ಯ

*

ಹೊರಮಾವು
18 ಆಗಸ್ಟ್ 1996

ಹಂಸ,

ನಾನು ಬೈರಮ್ಮ, ಮುನೀಂದ್ರನ ತಾಯಿ. ನಾನ್ ಹೇಳ್ತಾ ಇವ್ನಿ, ಇವಳು ಬರೀತಾ ಅವ್ಳೆ. ಆಮೇಲೆ ಓದಿಸ್ಕೊಂಡು ಕೇಳ್ತೀನಿ, ಸೇರ್ಸಿದ್ರೆ ಗೊತ್ತಾಗ್ತೈತೆ ಅಂತ ಹೇಳಿವ್ನಿ.

ನೀನು ಮದ್ವೇಲಿ ಇವಳ ಪಕ್ಕ ಹಸಿರು ಲಂಗ ಹಾಕ್ಕೊಂಡು ನಿಂತಿದ್ದೆ, ನೆನಪೈತೆ. ನನ್ ಮಗ ನಿನ್ನ ಕರೆದು ಎರಡು ಹೋಳಿಗೆ ಜಾಸ್ತಿ ಹಾಕ್ಸಿದ್ದ. ಅವ್ನು ಹೋದಾಗ ನೀನು ಬರ್ಲಿಲ್ಲ. ಅದೂ ನೆನಪೈತೆ.

ನಿನ್ ಕಥೆ ಇಪ್ಪತ್ತೇಳು ವಾರ ಕೇಳ್ದೆ. ಚೆಂದಾಗಿ ಬರ್ದಿದ್ದೀಯ. ಚೆಂದಾಗಿ ಬರ್ದಿದ್ದಕ್ಕೇ ನಾನ್ ಕೆಟ್ಟೆ. ಈಗ ಒಂದ್ ಮಾತು ಕೇಳ್ತೀನಿ. ಆ ಹುಡ್ಗ ಅಷ್ಟು ದೂರದಿಂದ ಬರ್ತಾನೆ, ಹೆಂಡ್ತಿ ಕೈ ಹಿಡೀತಾನೆ, ಜಡೆ ಹಾಕ್ತಾನೆ. ಅವ್ನ ಅಮ್ಮ ಪಕ್ಕದ್ ರೂಮಲ್ಲೇ ಮಲಗವ್ಳೆ. ಒಂದ್ ಸಲ, ಒಂದೇ ಒಂದ್ ಸಲ ಆ ರೂಮಿಗೆ ಹೋಗಿ 'ಅಮ್ಮಾ, ಮಂಡಿ ನೋವು ಎಂಗೈತೆ' ಅಂತ ಕೇಳ್ಬಾರ್ದಾ? ಈ ವಾರ ಕೇಳ್ತಾನೆ, ಈ ವಾರ ಕೇಳ್ತಾನೆ ಅಂತ ಗುರುವಾರ ಬಂದ್ರೆ ಕಾಯ್ಕೊಂಡು ಕೂತಿರ್ತಿದ್ದೆ. ಕಥೇನೇ ಮುಗ್ದೋಯ್ತು. ಆ ಅಮ್ಮಂಗೆ ಮಗ ಬಂದಿದ್ದೇ ಗೊತ್ತಾಗ್ಲಿಲ್ಲ.

ಇವಳ್ನ ಯಾಕೆ ಕಳಿಸ್ತಿಲ್ಲ ಅಂತ ನಮ್ಮೋರೇ ನನ್ನ ಬೈದ್ರು. ಮುದುಕಿಗೆ ಹೊಟ್ಟೆಕಿಚ್ಚು ಅಂದ್ರು. ಅದಲ್ಲ ಕಣಮ್ಮ. ನಿನ್ ಕಥೇಲಿ ಅವ್ನು ಬರೋದು ಹೆಂಡ್ತಿ ಇರೋ ಮನೆಗೆ. ಇವಳು ಹೋಗ್ಬಿಟ್ರೆ ನನ್ ಮಗ ಈ ಕಡೆಗೆ ಯಾಕ್ ಬಂದಾನು ಅಂತ ಇವಳ್ನ ಇಟ್ಕೊಂಡಿದ್ದೆ. ಇವಳ್ನ ನೋಡೋಕ್ ಬಂದೋನು ನನ್ನೂ ಒಂದ್ ಗಳಿಗೆ ನೋಡ್ತಾನೆ ಅಂತ. ಇದ್ನ ಬರೀವಾಗ ಇವಳು ಅಳ್ತಾ ಅವ್ಳೆ. ಬರಿ ಅಂತ ಗದರಿಸಿವ್ನಿ.

ಎಡೆ ತಿಂದಿದ್ದು ನಾನೇ ಅಂತ ಇವಳು ಅಂದಾಗ ಎದೆಗೆ ಒದ್ದಂಗಾಯ್ತು. ಒಂಬತ್ತು ದಿನ ಯೋಚ್ನೆ ಮಾಡ್ದೆ. ಮೂರು ವರ್ಷದಿಂದ ಹಸ್ಕೊಂಡಿದ್ರೆ ನನ್ ಮಗ ನನ್ ಕನಸಲ್ಲಾದ್ರೂ ಬಂದು ಅನ್ನ ಹಾಕಮ್ಮ ಅಂತಿದ್ದ. ಚಿಕ್ಕೋನಿದ್ದಾಗ ಹಸಿವು ತಡೀತಿರ್ಲಿಲ್ಲ ಅವ್ನು. ಬರ್ಲಿಲ್ಲ ಅಂದ್ರೆ ಅವ್ನಿಗೆ ಹಸಿವಿಲ್ಲ. ಅವ್ನು ಎಲ್ಲೂ ನಿಂತಿಲ್ಲ, ಹೋಗವ್ನೆ. ಹಸ್ಕೊಂಡಿದ್ದೋಳು ಇವಳು. ನಮ್ಮಟ್ಟೀಲೇ ಇದ್ಲು, ನನಗೆ ಕಾಣಿಸ್ಲಿಲ್ಲ. ಅಮಾಸೆ ಸಾಯಂಕಾಲ ಅದನ್ನೇ ಇವಳಿಗೆ ಹೇಳ್ದೆ.

ಆ ಬೇಕರಿ ಹುಡುಗನ್ನ ನಿನ್ನೆ ಕರೆಸಿ ಮಾತಾಡ್ದೆ. ಮುಂದಿನ ತಿಂಗ್ಳು ಒಂದನೇ ತಾರೀಖು ಭಾನುವಾರ, ಹಲಸೂರು ಸೋಮೇಶ್ವರನ ಗುಡೀಲಿ ಮದ್ವೆ. ತಾಯಿ ಕಡೆ ನಿಂತು ಸೀರೆ ಕೊಡೋಳು ನಾನೇ. ಸಲ ಸಲ ತಪ್ಪಿಸ್ಕೊಳ್ಳೋ ಹಂಗೆ ಈ ಸಲಾನೂ ಮಾಡ್ಬೇಡ, ಬಾ.

ಆಮೇಲೆ ನಿನ್ನತ್ರ ಇನ್ನೊಂದು ಕೆಲ್ಸ ಐತೆ. ನೀನು ಒಂದು ಕಥೆ ಬರೀಬೇಕು. ದೊಡ್ಡದು ಬೇಡ, ಒಂದೇ ವಾರದ್ದು ಸಾಕು. ಅದ್ರಲ್ಲಿ ಆ ಹುಡ್ಗ ಅವ್ರಮ್ಮನ ರೂಮಿಗೆ ಬರ್ಲಿ. ಸುಳ್ಳು ಅಂತ ಗೊತ್ತೈತೆ, ಆದ್ರೂ ಬರಿ. ಮೊಮ್ಮಕ್ಕಳು ಕಾನ್ವೆಂಟು, ಕನ್ನಡ ಓದೋಕೆ ತಡವರಿಸ್ತವೆ. ಇವಳು ಗಂಡನ ಮನೇಲಿರ್ತಾಳೆ. ನೀನೇ ಬಂದು ಓದಿ ಹೇಳ್ಬೇಕು.

ಇಂತಿ,
ಬೈರಮ್ಮನ ಹೆಬ್ಬೆಟ್ಟಿನ ಗುರುತು